ಪುಟದಳತೆ, ಮಾರ್ಜಿನ್ ಕೆಟ್ಟಿದೆಯೇ? ತಪ್ಪು ಎಲ್ಲಿದೆ ಎಂದು ಹಿಡಿಯುವ ಬಗೆ

ಪುಸ್ತಕದ ಪ್ರೂಫ್ (ಅಚ್ಚಿಗೆ ಮೊದಲು ತಿದ್ದಲು ತೆಗೆಯುವ ಪ್ರತಿ) ಕೈಗೆ ಬಂದಿದೆ. ಅಕ್ಷರ ಅಂದುಕೊಂಡದ್ದಕ್ಕಿಂತ ಚಿಕ್ಕದು, ಇಲ್ಲವೇ ದೊಡ್ಡದು. ಒಳಬದಿಯ ಪದಗಳು ಬೆನ್ನಿನ ಸಂದಿಯಲ್ಲಿ ಹೂತುಹೋಗಿವೆ, ಪುಟಸಂಖ್ಯೆ ಕಟಿಂಗಿನಲ್ಲಿ ಅರ್ಧ ಹಾರಿದೆ. ಹೀಗಾದ ಕೂಡಲೇ ಬಹಳ ಮಂದಿ ವರ್ಡ್ ತೆರೆದು ಮಾರ್ಜಿನ್ ತಿದ್ದಲು ಕೂರುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ತಪ್ಪು ನಾಲ್ಕು ಕಡೆ ಇರಬಹುದು: ಮೂಲ ಫೈಲು, ಅದರಿಂದ ತೆಗೆದ ಪಿಡಿಎಫ್, ಪ್ರಿಂಟ್ ಕೊಡುವಾಗ ತೆರೆಯುವ ಪೆಟ್ಟಿಗೆ, ಆಮೇಲೆ ಮಡಿಕೆ-ಕಟಿಂಗ್. ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಫೈಲಿನಲ್ಲಿ ಕೈಯಾಡಿಸಿದರೆ ಸರಿಯಿದ್ದದ್ದೂ ಕೆಡುತ್ತದೆ. ಆಗ ಎರಡು ತಪ್ಪು ಹುಡುಕಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 1/8 ಡೆಮಿ, ಅಂದರೆ 5.5 × 8.5 ಇಂಚು (140 × 216 ಮಿ.ಮೀ.). ಕನ್ನಡದ ಕತೆ, ಕಾದಂಬರಿ, ವಿಮರ್ಶೆ ಪುಸ್ತಕಗಳಲ್ಲಿ ಹೆಚ್ಚಿನವು ಈ ಅಳತೆಯವೇ. ಒಳಗಿನ ಮುದ್ರಣ ವಿವರದ ಪುಟ ತೆರೆದರೆ ‘70 ಜಿಎಸ್‌ಎಂ ಮ್ಯಾಪ್ಲಿಥೋ, 1/8 ಡೆಮಿ’ ಎಂದು ಕಾಣುತ್ತದೆ. ಕ್ರೌನ್ ಅಳತೆಯದೋ ಎ5 ಅಳತೆಯದೋ ಆದರೆ ಅಂಕಿಗಳು ಬದಲಾಗುತ್ತವೆ, ಹುಡುಕುವ ದಾರಿ ಇದೇ.

ಮೊದಲು ಸ್ಕೇಲು ಹಿಡಿಯಿರಿ

ಫೈಲಿನ ಒಂದು ಪುಟದಲ್ಲಿ ಇನ್ಸರ್ಟ್ > ಶೇಪ್ಸ್‌ಗೆ ಹೋಗಿ ಒಂದು ಚೌಕ ಹಾಕಿ. ಅದರ ಎತ್ತರ, ಅಗಲ ಎರಡನ್ನೂ 10 ಸೆಂ.ಮೀ. ಎಂದು ಬೆರಳಚ್ಚಿಸಿ, ಮೌಸಿನಿಂದ ಎಳೆದು ಅಂದಾಜು ಮಾಡಬೇಡಿ. ಯಾವ ದಾರಿಯಲ್ಲಿ ಪ್ರೂಫ್ ತೆಗೆದಿರೋ ಅದೇ ದಾರಿಯಲ್ಲಿ ಪಿಡಿಎಫ್ ಮಾಡಿ, ಅದೇ ಪ್ರಿಂಟರಿನಲ್ಲಿ ಮುದ್ರಿಸಿ. ಈಗ ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. ಪ್ಲಾಸ್ಟಿಕ್ ಸ್ಕೇಲುಗಳಲ್ಲಿ ಸೊನ್ನೆಯ ಕಡೆ ಸವೆದಿರುತ್ತದೆ, ಆದ್ದರಿಂದ 1ರ ಗೆರೆಯಿಂದ ಎಣಿಸುವುದು ಒಳ್ಳೆಯದು.

ಎರಡೂ ಕಡೆ 100 ಮಿ.ಮೀ. (ಅರ್ಧ ಮಿ.ಮೀ. ಆಚೀಚೆ) ಬಂದರೆ ಪ್ರಿಂಟರಿನ ತಪ್ಪಿಲ್ಲ, ಫೈಲನ್ನೇ ನೋಡಬೇಕು. 96 ಅಥವಾ 97 ಬಂದರೆ ಪ್ರಿಂಟ್ ಪೆಟ್ಟಿಗೆಯಲ್ಲಿ ‘ಫಿಟ್’ ಆಯ್ಕೆಯಾಗಿದೆ, ಇಲ್ಲವೇ ಎಲ್ಲೋ ಲೆಟರ್ ಅಳತೆಯ ಪುಟ ಎ4 ಹಾಳೆಗೆ ಹೊಂದಿಕೊಂಡಿದೆ. ಲೆಟರ್ ಪುಟದ ಅಗಲ 216 ಮಿ.ಮೀ., ಎ4 ಹಾಳೆಯದು 210; 210ನ್ನು 216ರಿಂದ ಭಾಗಿಸಿದರೆ ಸಿಗುವುದೇ ಆ 97. ಸುಮಾರು 93 ಬಂದರೆ ಎ4 ಹಾಳೆಯಲ್ಲಿ ಎರಡೆರಡು ಡೆಮಿ ಪುಟಗಳನ್ನು ಬುಕ್‌ಲೆಟ್ ಮಾಡಿ ತೆಗೆದಿದ್ದೀರಿ. ಎರಡು ಡೆಮಿ ಪುಟ ಅಕ್ಕಪಕ್ಕ ಇಟ್ಟರೆ 11 × 8.5 ಇಂಚು ಆಗುತ್ತದೆ, ಅಡ್ಡ ಮಲಗಿಸಿದ ಎ4 ಹಾಳೆಯ ಎತ್ತರ 8.27 ಇಂಚು ಮಾತ್ರ. ಹಿಡಿಸುವುದಿಲ್ಲ. ಮೇಲೆ ಕೆಳಗೆ ಪ್ರಿಂಟರ್ ಮುಟ್ಟಲಾಗದ 4 ಮಿ.ಮೀ. ಪಟ್ಟಿಯನ್ನೂ ಕಳೆದರೆ 93ಕ್ಕೆ ಇಳಿಯುತ್ತದೆ. ಇಂಥ ಪ್ರೂಫಿನಲ್ಲಿ ಕಾಗುಣಿತ ನೋಡಬಹುದು. ಅಕ್ಷರದ ಗಾತ್ರ, ಮಾರ್ಜಿನ್ ನೋಡಿ ತೀರ್ಮಾನ ಮಾಡಬಾರದು.

ಅಡ್ಡ 100, ಉದ್ದ 98 ಎಂದು ಎರಡು ಅಳತೆ ಬೇರೆ ಬೇರೆ ಬಂದರೆ ಅದು ಸೆಟ್ಟಿಂಗ್ ಅಲ್ಲ, ಯಂತ್ರದ ಕಾಗದ ಎಳೆಯುವ ಭಾಗದ ತೊಂದರೆ. ರೋಲರ್ ನೋಡಿಸಿ.

ಇನ್ನು ಚೌಕ 130ರ ಆಚೆ ಹೋದರೆ? ಅತಿ ಹೆಚ್ಚು ಪುಸ್ತಕಗಳನ್ನು ಕೆಡಿಸುವ ತಪ್ಪು ಇದು. ಡೆಮಿ ಪಿಡಿಎಫನ್ನು ಎ4 ಹಾಳೆಗೆ ‘ಫಿಟ್’ ಕೊಟ್ಟು ಮುದ್ರಿಸಿದಾಗ ಪುಟ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ. 12 ಪಾಯಿಂಟ್ ಅಕ್ಷರ ಕಾಗದದ ಮೇಲೆ 16 ಪಾಯಿಂಟಿನಂತೆ ಕಾಣುತ್ತದೆ. ಲೇಖಕರು ‘ಅಕ್ಷರ ತೀರಾ ದೊಡ್ಡದಾಯಿತು’ ಎಂದು 10ಕ್ಕೆ ಇಳಿಸಲು ಹೇಳುತ್ತಾರೆ, ಡಿಟಿಪಿಯವರು ಇಳಿಸುತ್ತಾರೆ, ಸಾವಿರ ಪ್ರತಿ ಅಚ್ಚಾದ ಮೇಲೆ ಕನ್ನಡಕ ಹಾಕಿಕೊಂಡರೂ ಓದಲು ಕಷ್ಟವಾಗುವ ಪುಸ್ತಕ ಬರುತ್ತದೆ. ಅಕ್ರೋಬ್ಯಾಟ್ ರೀಡರಿನ ಪ್ರಿಂಟ್ ಪೆಟ್ಟಿಗೆಯಲ್ಲಿ ‘ಸೈಜ್’ ಅಡಿ ‘ಆ್ಯಕ್ಚುಯಲ್ ಸೈಜ್’ ಆರಿಸಿ ಮತ್ತೆ ತೆಗೆಯಿರಿ. ಎ4 ಹಾಳೆಯ ನಡುವೆ ಡೆಮಿ ಪುಟ ಚಿಕ್ಕದಾಗಿ ಕೂತಿರುತ್ತದೆ, ಸುತ್ತ ಬಿಳಿ ಜಾಗ ಉಳಿದಿರುತ್ತದೆ, ಇರಬೇಕಾದದ್ದೇ ಹಾಗೆ. ಆ ಜಾಗವನ್ನು ಕತ್ತರಿಸಿ ತೆಗೆದು ಪುಟವನ್ನು ಒಂದು ಅಚ್ಚಾದ ಪುಸ್ತಕದ ಮೇಲಿಟ್ಟು ನೋಡಿ. ಅಕ್ಷರದ ಗಾತ್ರದ ಬಗ್ಗೆ ಮಾತಾಡುವುದಿದ್ದರೆ ಆಗ ಮಾತಾಡಿ.

ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಇಡೀ ಪುಸ್ತಕವನ್ನು ಎ4 ಪುಟದಲ್ಲೇ 12 ಪಾಯಿಂಟಿನಲ್ಲಿ ಜೋಡಿಸಿ, ‘ಪ್ರೆಸ್ಸಿನವರು ಡೆಮಿಗೆ ಇಳಿಸಿಕೊಳ್ಳುತ್ತಾರೆ’ ಎಂದು ಕಳಿಸುವುದು. 210 ಮಿ.ಮೀ. ಅಗಲವನ್ನು 140ಕ್ಕೆ ಇಳಿಸಿದರೆ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ, 12 ಪಾಯಿಂಟ್ 8 ಆಗುತ್ತದೆ. ಒತ್ತಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ.

ಪಿಡಿಎಫ್ ಏನು ಹೇಳುತ್ತದೆ

ಪಿಡಿಎಫ್ ತೆರೆದು ಕಂಟ್ರೋಲ್ + ಡಿ ಒತ್ತಿ. ‘ಡಿಸ್ಕ್ರಿಪ್ಷನ್’ ಹಾಳೆಯಲ್ಲಿ ‘ಪೇಜ್ ಸೈಜ್’ ಎಂದಿರುತ್ತದೆ. ಅಲ್ಲಿ 5.50 × 8.50 ಇಂಚು ಇರಬೇಕು. 8.27 × 11.69 ಎಂದಿದ್ದರೆ ವರ್ಡಿನಲ್ಲಿ ನೀವು ಏನೇ ಅಳತೆ ಕೊಟ್ಟಿರಲಿ, ಪಿಡಿಎಫ್ ಮಾತ್ರ ಎ4 ಆಗಿಯೇ ಹೊರಬಂದಿದೆ. ಕಾರಣ ಸಾಮಾನ್ಯವಾಗಿ ಒಂದೇ: ‘ಸೇವ್ ಆ್ಯಸ್’ ಬಿಟ್ಟು ಪ್ರಿಂಟ್ ಮೂಲಕ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿದ್ದೀರಿ. ವಿಂಡೋಸ್ ಲೆಕ್ಕದಲ್ಲಿ ಅದೂ ಒಂದು ಪ್ರಿಂಟರ್, ಅದಕ್ಕೆ ತನ್ನದೇ ಕಾಗದದ ಪಟ್ಟಿ ಇದೆ. ‘ಸೇವ್ ಆ್ಯಸ್’ ಮೂಲಕವೋ ‘ಎಕ್ಸ್‌ಪೋರ್ಟ್’ ಮೂಲಕವೋ ಪಿಡಿಎಫ್ ಮಾಡಿದರೆ ಫೈಲಿನ ಅಳತೆಯೇ ಉಳಿಯುತ್ತದೆ.

ಅದೇ ಕಿಟಕಿಯ ‘ಫಾಂಟ್ಸ್’ ಹಾಳೆಯನ್ನೂ ನೋಡಿಬಿಡಿ. ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಹೀಗೆ ಪಿಡಿಎಫ್ ಒಳಗೇ ಸೇರಿಲ್ಲದ ಫಾಂಟನ್ನು ಪ್ರೆಸ್ಸಿನ ಕಂಪ್ಯೂಟರ್ ತನಗೆ ತೋಚಿದ್ದರಿಂದ ತುಂಬಿಕೊಳ್ಳುತ್ತದೆ. ವರ್ಡ್ ಫೈಲನ್ನೇ ಪ್ರೆಸ್ಸಿಗೆ ಕಳಿಸುವವರಿಗೂ ಇದೇ ಪಾಡು: ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ, 184 ಪುಟದ ಪುಸ್ತಕ 197 ಆಗುತ್ತದೆ, ಪರಿವಿಡಿಯ ಒಂದು ಸಂಖ್ಯೆಯೂ ತಾಳೆಯಾಗುವುದಿಲ್ಲ.

ಕೆಲವು ಪುಟ ಡೆಮಿ, ಕೆಲವು ಎ4

ಪಿಡಿಎಫ್‌ನಲ್ಲಿ ಪುಟ ಸರಿಸುತ್ತ ಹೋದರೆ ನಡುವೆ ನಾಲ್ಕು ಪುಟ ಇದ್ದಕ್ಕಿದ್ದಂತೆ ದೊಡ್ಡದಾಗುತ್ತವೆ. ಬೇರೆ ಫೈಲಿನಿಂದ ಅಧ್ಯಾಯವನ್ನೋ ಮುನ್ನುಡಿಯನ್ನೋ ತಂದು ಅಂಟಿಸಿದಾಗ ಅದರ ಸೆಕ್ಷನ್ ಬ್ರೇಕೂ (ಫೈಲನ್ನು ಭಾಗಗಳಾಗಿ ಒಡೆಯುವ ಗುರುತು) ಜೊತೆಗೆ ಬಂದಿರುತ್ತದೆ. ವರ್ಡ್ ಪುಟದಳತೆ, ಮಾರ್ಜಿನ್ ಎಲ್ಲವನ್ನೂ ಆಯಾ ಸೆಕ್ಷನ್ನಿನ ಕೊನೆಯಲ್ಲಿರುವ ಬ್ರೇಕಿನೊಳಗೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಬ್ರೇಕನ್ನು ಸುಮ್ಮನೆ ಅಳಿಸಿದರೆ ಅದರ ಹಿಂದಿನ ಭಾಗಕ್ಕೆ ಮುಂದಿನ ಭಾಗದ ಅಳತೆ ಬಂದುಬಿಡುತ್ತದೆ. ಮುಂದಿನದು ಎ4 ಆಗಿದ್ದರೆ ಸರಿಯಿದ್ದ ಅಧ್ಯಾಯವೂ ಕೆಟ್ಟಿತು.

ಆದ್ದರಿಂದ ಅಳಿಸುವ ಮೊದಲು ಕಂಟ್ರೋಲ್ + ಎ ಒತ್ತಿ ಎಲ್ಲವನ್ನೂ ಆರಿಸಿ, ಪೇಜ್ ಸೆಟಪ್ ತೆರೆಯಿರಿ. ಯಾವ ಪೆಟ್ಟಿಗೆ ಖಾಲಿ ಕಾಣುತ್ತದೋ ಆ ಅಳತೆ ಸೆಕ್ಷನ್ನಿನಿಂದ ಸೆಕ್ಷನ್ನಿಗೆ ಬೇರೆ ಇದೆ ಎಂದರ್ಥ. ‘ಪೇಪರ್’ ಹಾಳೆಯಲ್ಲಿ ಅಗಲ 5.5, ಎತ್ತರ 8.5 ಕೊಟ್ಟು, ಕೆಳಗೆ ‘ಅಪ್ಲೈ ಟು’ ಎದುರು ‘ಹೋಲ್ ಡಾಕ್ಯುಮೆಂಟ್’ ಇದೆಯೇ ಎಂದು ನೋಡಿ ಓಕೆ ಕೊಡಿ. ‘ದಿಸ್ ಸೆಕ್ಷನ್’ ಎಂದೇ ಉಳಿದಿದ್ದರೆ ಮಾಡಿದ ಕೆಲಸ ಅರ್ಧ. ನಡುವೆ ಅಡ್ಡ ಮಲಗಿದ ಕೋಷ್ಟಕದ ಪುಟವಿದ್ದರೆ ಅದನ್ನು ಆಮೇಲೆ ಮತ್ತೆ ಅಡ್ಡ ಮಾಡಬೇಕಾಗುತ್ತದೆ.

ಅಳತೆಯ ಪಟ್ಟಿಯಲ್ಲಿ ‘ಡೆಮಿ’ ಎಂಬ ಹೆಸರು ಹುಡುಕಿ ಸುಸ್ತಾಗಬೇಡಿ. ಆ ಪಟ್ಟಿ ನಿಮ್ಮ ಪ್ರಿಂಟರಿನ ಡ್ರೈವರಿನಿಂದ ಬರುವುದು. ಪ್ರಿಂಟರ್ ಬದಲಾದರೆ ಪಟ್ಟಿಯೂ ಬದಲು. ‘ಸ್ಟೇಟ್‌ಮೆಂಟ್’ ಎಂಬುದು ಇದ್ದರೆ ಅದೇ 5.5 × 8.5. ಇಲ್ಲದಿದ್ದರೆ ಪಟ್ಟಿಯ ಕೊನೆಯ ‘ಕಸ್ಟಮ್’ ಆರಿಸಿ ಅಂಕಿ ಬರೆಯಿರಿ.

ವರ್ಡಿನಲ್ಲಿ ಇನ್ನೊಂದು ಕಡೆಯೂ ಅಳತೆ ಸದ್ದಿಲ್ಲದೆ ಬದಲಾಗುತ್ತದೆ. ಫೈಲ್ > ಆಪ್ಷನ್ಸ್ > ಅಡ್ವಾನ್ಸ್ಡ್‌ನಲ್ಲಿ ‘ಪ್ರಿಂಟ್’ ಭಾಗದವರೆಗೆ ಇಳಿದರೆ ‘ಸ್ಕೇಲ್ ಕಂಟೆಂಟ್ ಫಾರ್ ಎ4 ಆರ್ 8.5 × 11 ಪೇಪರ್ ಸೈಜಸ್’ ಎಂಬ ಚೌಕ ಸಿಗುತ್ತದೆ. ಟಿಕ್ ತೆಗೆಯಿರಿ.

ಬೆನ್ನಿನ ಕಡೆಯ ಜಾಗ ಹೊರಗೆ, ಹೊರಗಿನದು ಒಳಗೆ

ಡೆಮಿ ಪುಟಕ್ಕೆ ಹೊಂದುವ ಒಂದು ಅಳತೆ: ಮೇಲೆ 0.75, ಕೆಳಗೆ 0.8, ಒಳಗೆ 0.8, ಹೊರಗೆ 0.6 ಇಂಚು. ಸಾಲಿನ ಉದ್ದ 4.1 ಇಂಚು ಉಳಿಯುತ್ತದೆ. ‘ಒಳಗೆ’, ‘ಹೊರಗೆ’ ಎಂಬ ಹೆಸರೇ ಪೆಟ್ಟಿಗೆಯಲ್ಲಿ ಕಾಣದೆ ‘ಲೆಫ್ಟ್’, ‘ರೈಟ್’ ಎಂದಿದ್ದರೆ ‘ಮಲ್ಟಿಪಲ್ ಪೇಜಸ್’ ಎದುರು ‘ಮಿರರ್ ಮಾರ್ಜಿನ್ಸ್’ ಆರಿಸಿಲ್ಲ. ಒಂದೇ ಬದಿ ಮುದ್ರಿಸುವ ಪಿಎಚ್.ಡಿ. ಪ್ರಬಂಧದ ಫೈಲನ್ನೇ ಪುಸ್ತಕ ಮಾಡುವಾಗ ಈ ಎಡವಟ್ಟು ಖಚಿತ: ಅಲ್ಲಿ ಬೈಂಡಿಂಗಿಗೆಂದು ಎಡಕ್ಕೆ ಬಿಟ್ಟಿದ್ದ ಒಂದೂವರೆ ಇಂಚು ಇಲ್ಲಿ ಎಡಪುಟದ ಹೊರಬದಿಗೆ ಹೋಗಿ ಕೂರುತ್ತದೆ. ಇಂಡಿಸೈನ್‌ನಲ್ಲಿ, ಪೇಜ್‌ಮೇಕರ್‌ನಲ್ಲಿ ಇದೇ ಕೆಲಸಕ್ಕೆ ‘ಫೇಸಿಂಗ್ ಪೇಜಸ್’ ಟಿಕ್ ಇರಬೇಕು.

ಜಾಗ ವಿಪರೀತ ಹೆಚ್ಚಾಗಿದ್ದರೆ ‘ಗಟರ್’ ನೋಡಿ. ಗಟರ್ ಒಳ ಮಾರ್ಜಿನ್ನಿಗೆ ಕೂಡುತ್ತದೆ. ಒಳಗೆ 0.8 ಕೊಟ್ಟು ‘ಬೈಂಡಿಂಗಿಗೆ ಇರಲಿ’ ಎಂದು ಗಟರಿನಲ್ಲೂ 0.5 ಹಾಕಿದರೆ 1.3 ಇಂಚು ಹೋಯಿತು. ಯಾವುದಾದರೂ ಒಂದರಲ್ಲಿ ಕೊಡಿ, ಇನ್ನೊಂದು ಸೊನ್ನೆ.

ಮಿರರ್ ಸರಿಯಾಗಿದ್ದೂ ಒಳಗಿನದು ಹೊರಗೆ ಹೋಗಿದ್ದರೆ ಪುಟಗಳ ಎಣಿಕೆಯಲ್ಲಿ ಒಂದು ಹೆಚ್ಚು ಅಥವಾ ಒಂದು ಕಡಿಮೆ ಆಗಿದೆ. ಪುಸ್ತಕದಲ್ಲಿ ಬೆಸ ಸಂಖ್ಯೆ ಯಾವಾಗಲೂ ಬಲಪುಟ. ಒಳಪುಟಗಳ ಪಿಡಿಎಫ್ ಮೊದಲಿಗೆ ಯಾರೋ ಮುಖಪುಟದ ಚಿತ್ರ ಸೇರಿಸಿದರೆ ಅಲ್ಲಿಂದಾಚೆ ಎಲ್ಲ ಪುಟವೂ ಮಗುಚುತ್ತದೆ. ಮುಖಪುಟ ಬೇರೆಯದೇ ಫೈಲಾಗಿರಬೇಕು.

ಲಿಬ್ರೆ ಆಫೀಸ್ ಬಳಸುವವರು ಹೆಚ್ಚು ಸಿಕ್ಕಿಬೀಳುವುದು ಇಲ್ಲಿ. ಮುನ್ನುಡಿ, ಪರಿವಿಡಿ ಸೇರಿ ಏಳು ಪುಟ ಇದೆ ಎನ್ನಿ. ಎಂಟನೆಯದಕ್ಕೆ ಮತ್ತೆ 1 ಎಂದು ಸಂಖ್ಯೆ ಕೊಟ್ಟಾಗ ಎರಡು ಬೆಸಪುಟಗಳು ಒಂದರ ಹಿಂದೊಂದು ಬರಬಾರದೆಂದು ತಂತ್ರಾಂಶವೇ ನಡುವೆ ಒಂದು ಖಾಲಿ ಪುಟ ಇಡುತ್ತದೆ. ಆದರೆ ಪಿಡಿಎಫ್ ಮಾಡುವಾಗ ‘ಎಕ್ಸ್‌ಪೋರ್ಟ್ ಆಟೋಮ್ಯಾಟಿಕಲಿ ಇನ್ಸರ್ಟೆಡ್ ಬ್ಲ್ಯಾಂಕ್ ಪೇಜಸ್’ ಎಂಬ ಚೌಕ ತಾನಾಗಿ ಟಿಕ್ ಆಗಿರುವುದಿಲ್ಲ. ಖಾಲಿ ಪುಟ ಪಿಡಿಎಫ್‌ನಲ್ಲಿ ಬಿಟ್ಟುಹೋಗುತ್ತದೆ, ಮೊದಲ ಅಧ್ಯಾಯ ಎಡಪುಟಕ್ಕೆ ಬೀಳುತ್ತದೆ. ಟಿಕ್ ಮಾಡಿ, ಅಥವಾ ಖಾಲಿ ಪುಟವನ್ನು ನೀವೇ ಹಾಕಿ. ವರ್ಡ್ ಕೂಡ ಇಂಥ ಖಾಲಿ ಪುಟ ಸೇರಿಸುತ್ತದೆ. ಪರದೆಯ ಮೇಲೆ ತೋರಿಸದೆ ಪಿಡಿಎಫ್‌ನಲ್ಲಿ ತರುತ್ತದೆ. ‘ಫೈಲಿನಲ್ಲಿ 193, ಪಿಡಿಎಫ್‌ನಲ್ಲಿ 194’ ಎಂಬ ದೂರಿನ ಮೂಲ ಇದೇ. ಅದನ್ನು ಕಿತ್ತುಹಾಕಬೇಡಿ, ಅದು ಬೇಕಾದ ಪುಟ.

ಪಿಡಿಎಫ್‌ನಲ್ಲಿ ಪರೀಕ್ಷಿಸಲು ‘ಟೂ ಪೇಜ್ ವ್ಯೂ’ ಜೊತೆಗೆ ‘ಶೋ ಕವರ್ ಪೇಜ್’ ಹಾಕಿ. ಮೊದಲ ಪುಟ ಒಂಟಿಯಾಗಿ ಬಲಕ್ಕೆ ಬಂದು, ಮುಂದಿನವು ಎರಡೆರಡಾಗಿ ನಿಜವಾದ ಪುಸ್ತಕ ತೆರೆದಂತೆ ಕಾಣುತ್ತವೆ. ನಡುವಿನ ಎರಡು ಬಿಳಿ ಪಟ್ಟಿ ಎಲ್ಲ ಕಡೆ ಹೊರಗಿನದಕ್ಕಿಂತ ಅಗಲವಾಗಿರಬೇಕು.

ಕೊಟ್ಟ ಮಾರ್ಜಿನ್ ಒಂದು, ಕಾಣುವುದು ಇನ್ನೊಂದು

ಕೆಳಗೆ 0.6 ಕೊಟ್ಟಿದ್ದೀರಿ, ಪ್ರಿಂಟಿನಲ್ಲಿ 0.75 ಬಂದಿದೆ. ಚೌಕದ ಪರೀಕ್ಷೆ 100 ತೋರಿಸಿದೆ. ಹಾಗಾದರೆ ಪುಟಸಂಖ್ಯೆ ಮೇಲಕ್ಕೆ ತಳ್ಳುತ್ತಿದೆ. ವರ್ಡಿನಲ್ಲಿ ಫೂಟರ್ ಕೆಳ ಅಂಚಿನಿಂದ 0.5 ಇಂಚು ಮೇಲೆ ಇರುತ್ತದೆ. ಅದರ ಮೇಲೆ ಪುಟಸಂಖ್ಯೆಯ ಸಾಲು ಕಾಲು ಇಂಚು ತೆಗೆದುಕೊಂಡರೆ 0.75 ಆಯಿತು, ಪಠ್ಯಕ್ಕೆ ಜಾಗವಿಲ್ಲ, ವರ್ಡ್ ತಾನೇ ಪಠ್ಯವನ್ನು ಮೇಲೆ ಸರಿಸುತ್ತದೆ. ಕನ್ನಡದ ಯೂನಿಕೋಡ್ ಫಾಂಟುಗಳಿಗೆ ಸಾಲಿನ ಎತ್ತರ ಜಾಸ್ತಿ, ಹಾಗಾಗಿ ಇಂಗ್ಲಿಷ್ ಫೈಲಿನಲ್ಲಿ ಕಾಣದ ಈ ತೊಂದರೆ ಇಲ್ಲಿ ಕಾಣುತ್ತದೆ. ‘ಫೂಟರ್ ಫ್ರಮ್ ಬಾಟಮ್’ ಅನ್ನು 0.4ಕ್ಕೆ ಇಳಿಸಿ, ಕೆಳ ಮಾರ್ಜಿನ್ 0.8 ಮಾಡಿ. 0.4ಕ್ಕಿಂತ ಕೆಳಗೆ ಹೋಗಬೇಡಿ, ಕಟಿಂಗಿನ ಬ್ಲೇಡು ಅಲ್ಲೇ ಆಸುಪಾಸಿನಲ್ಲಿ ಇಳಿಯುತ್ತದೆ.

ಸಾಲಿನ ಎತ್ತರದ ವಿಚಾರವನ್ನು ಇಲ್ಲೇ ಮುಗಿಸಬೇಕು. ಪುಟಗಳನ್ನು ಹಿಡಿಸಲೆಂದು ‘ಲೈನ್ ಸ್ಪೇಸಿಂಗ್’ನಲ್ಲಿ ‘ಎಗ್ಸ್ಯಾಕ್ಟ್‌ಲಿ’ ಆರಿಸಿ 14 ಪಾಯಿಂಟ್ ಕೊಡುತ್ತಾರೆ. ಇಂಗ್ಲಿಷಿಗೆ 12ರ ಅಕ್ಷರಕ್ಕೆ 14 ಸಾಕು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ಸ್ತ್ರೀ’, ‘ರಾಷ್ಟ್ರ’, ‘ಶಾಸ್ತ್ರ’ ಎಂಬ ಮೂರು ಪದಗಳನ್ನು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’, ‘ನೀತಿ’, ‘ಬೀದಿ’ ಬರೆದು ಮುದ್ರಿಸಿ. ಮೇಲಿನ ಸಾಲಿನ ಎರಡನೆಯ ಒತ್ತು ಕತ್ತರಿಸಿದಂತೆ ಕಂಡರೆ ಅಥವಾ ಕೆಳಗಿನ ಗುಡಿಸಿಗೆ ತಾಗಿದರೆ ಒಂದೊಂದು ಪಾಯಿಂಟ್ ಏರಿಸುತ್ತ ಹೋಗಿ. 12 ಪಾಯಿಂಟಿಗೆ 17 ಹೆಚ್ಚಿನ ಫಾಂಟುಗಳಲ್ಲಿ ನಿಲ್ಲುತ್ತದೆ. ತುಂಗಾ, ನೋಟೋ, ನುಡಿ ಎಲ್ಲಕ್ಕೂ ‘12’ ಎಂದೇ ಕರೆದರೂ ಅಕ್ಷರದ ನಿಜ ಗಾತ್ರ ಬೇರೆ ಬೇರೆ. ಹಾಗಾಗಿ ಫಾಂಟ್ ಬದಲಿಸಿದರೆ ಈ ಪರೀಕ್ಷೆ ಮತ್ತೆ ಮಾಡಿ. ನುಡಿ, ಬರಹದ ಹಳೆಯ ಆಸ್ಕಿ ಫೈಲನ್ನು ಯೂನಿಕೋಡಿಗೆ ಪರಿವರ್ತಿಸುವುದಿದ್ದರೆ ಪುಟದಳತೆ ಕೂರಿಸುವ ಮೊದಲೇ ಮಾಡಿ ಮುಗಿಸಿ. ಆಮೇಲೆ ಮಾಡಿದರೆ ಪ್ರತಿ ಪುಟವೂ ಬೇರೆ ಕಡೆ ಮುರಿಯುತ್ತದೆ.

ಅಕ್ಷರದ ಗಾತ್ರ ಬದಲಿಸಿದರೂ ಕನ್ನಡ ಮಾತ್ರ ಬದಲಾಗದೆ ಅಂಕಿ, ಇಂಗ್ಲಿಷ್ ಪದ ಮಾತ್ರ ಹಿಗ್ಗಿದರೆ ಸ್ಟೈಲಿನ ಫಾಂಟ್ ಪೆಟ್ಟಿಗೆ ತೆರೆಯಿರಿ. ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡೂ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಬೇರೆ ಖಾನೆಯಲ್ಲಿ ಇಡುತ್ತವೆ. ಗಾತ್ರವನ್ನು ಅಲ್ಲಿ ಕೊಡಬೇಕು.

ಪದಗಳ ನಡುವೆ ಹೊಂಡ ಬಿದ್ದಂತೆ ಬಿಳಿ ಜಾಗ ಕಾಣುತ್ತಿದೆಯೇ? ‘ಹೋಗಬೇಕಾಗಿರುವುದರಿಂದ’ ಎಂಬಂಥ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಪೂರ್ತಿ ಕೆಳಗಿಳಿದರೆ, ಎರಡೂ ಬದಿ ಸಮ ಮಾಡಿದ ಮೇಲಿನ ಸಾಲು ಹಿಗ್ಗಲೇಬೇಕು. ಮಾರ್ಜಿನ್ ಅಗಲವಾದಷ್ಟೂ ಇದು ಹೆಚ್ಚು. ಡೆಮಿಯಲ್ಲಿ ಸಾಲು 4 ಇಂಚಿಗಿಂತ ಕಿರಿದಾಗದಂತೆ ನೋಡಿಕೊಳ್ಳಿ. ಆದರೂ ಉಳಿದ ಹೊಂಡಗಳಿಗೆ, ಆ ಉದ್ದ ಪದದೊಳಗೆ ಒಡೆಯಬಹುದಾದ ಕಡೆ ಕರ್ಸರ್ ಇಟ್ಟು ಕಂಟ್ರೋಲ್ + ಹೈಫನ್ ಒತ್ತಿ. ಪದ ಸಾಲಿನ ಕೊನೆಗೆ ಬಂದಾಗ ಮಾತ್ರ ಅದು ಒಡೆಯುತ್ತದೆ.

205 ಪುಟ ಬಂದಿದೆ, ಪ್ರೆಸ್ಸಿನವರು 200 ಕೇಳುತ್ತಾರೆ

ಆಫ್‌ಸೆಟ್ಟಿನಲ್ಲಿ ಪುಸ್ತಕ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ, ಒಂದು ಫಾರಂ 16 ಪುಟ. 200 ಅಂದರೆ ಹನ್ನೆರಡೂವರೆ ಫಾರಂ. 205 ಆದರೆ 208ಕ್ಕೆ ಹಣ ಕೊಡಬೇಕು, ಮೂರು ಪುಟ ಖಾಲಿ. ಇಲ್ಲಿ ಅಕ್ಷರ ಕಿರಿದು ಮಾಡುವವರೇ ಹೆಚ್ಚು, ಬೇಡ. ಮೇಲಿನ, ಕೆಳಗಿನ ಮಾರ್ಜಿನ್ನಿನಿಂದ ಒಂದು ಸಾಲಿನ ಜಾಗ ತೆಗೆದುಕೊಳ್ಳಿ. ಪುಟಕ್ಕೆ 28 ಸಾಲಿದ್ದಾಗ 205 ಪುಟ ಎಂದರೆ 5740 ಸಾಲು. 29 ಸಾಲು ಮಾಡಿದರೆ 198 ಪುಟ. ಅಧ್ಯಾಯಗಳ ಕೊನೆಯ ಅರ್ಧಪುಟಗಳಿಂದಾಗಿ ಲೆಕ್ಕ ಒಂದೆರಡು ಪುಟ ಆಚೀಚೆ ಆಗುತ್ತದೆ, ಆದರೂ 200ರೊಳಗೆ ಕೂರುವ ಸಾಧ್ಯತೆ ಹೆಚ್ಚು. 17 ಪಾಯಿಂಟಿನ ಒಂದು ಸಾಲಿಗೆ ಬೇಕಾದದ್ದು 0.24 ಇಂಚು. ಮೇಲಿಂದ 0.1, ಕೆಳಗಿಂದ 0.14 ತೆಗೆದರೆ ಕಣ್ಣಿಗೆ ಗೊತ್ತಾಗುವುದೂ ಇಲ್ಲ.

ಎರಡು ಬದಿಯ ಪ್ರೂಫಿನಲ್ಲಿ

ಹಿಂಬದಿ ತಲೆಕೆಳಗಾಗಿದ್ದರೆ ‘ಫ್ಲಿಪ್ ಆನ್ ಶಾರ್ಟ್ ಎಡ್ಜ್’ ಆಗಿದೆ. ಉದ್ದ ನಿಂತ ಪುಟಕ್ಕೆ ‘ಲಾಂಗ್ ಎಡ್ಜ್’ ಬೇಕು, ಎ4ನಲ್ಲಿ ಅಡ್ಡ ಬುಕ್‌ಲೆಟ್ಟಿಗೆ ‘ಶಾರ್ಟ್ ಎಡ್ಜ್’. ಮುಂಬದಿಯ ಸಾಲು ಹಿಂಬದಿಯ ಸಾಲಿನ ಮೇಲೆ ಕೂರದೆ ಸರಿದಿದ್ದರೆ ಹತ್ತು ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಎಲ್ಲದರಲ್ಲೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಪ್ರಿಂಟರಿನ ಜೋಡಣೆ ತಪ್ಪು. ಒಂದೊಂದು ಹಾಳೆಯಲ್ಲಿ ಒಂದೊಂದು ಥರ ಇದ್ದರೆ ಟ್ರೇಯ ಪಕ್ಕದ ಅಡ್ಡಪಟ್ಟಿ ಸಡಿಲವಾಗಿದೆ, ಕಾಗದ ಓರೆಯಾಗಿ ಹೋಗುತ್ತಿದೆ.

ಫೈಲು ಸರಿ, ಪಿಡಿಎಫ್ ಸರಿ, ಪುಸ್ತಕ ಮಾತ್ರ ತಪ್ಪು

ಆಗ ಬೈಂಡಿಂಗ್ ಯಾವುದೆಂದು ಕೇಳಿ. ನಡುವೆ ಪಿನ್ ಹೊಡೆದ ತೆಳು ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತದೆ, ಒಳಗೆ 0.65 ಇಂಚು ಸಾಕು. ಆದರೆ 80 ಪುಟ ಎಂದರೆ ಒಂದರೊಳಗೊಂದು 20 ಹಾಳೆ. ಒಳಗಿನ ಹಾಳೆ ಸುಮಾರು 2 ಮಿ.ಮೀ. ಹೊರಗೆ ಚಾಚಿಕೊಂಡು ಕಟಿಂಗಿನಲ್ಲಿ ಅಷ್ಟು ಕಳೆದುಕೊಳ್ಳುತ್ತದೆ. ನಡುವಿನ ಪುಟಗಳ ಹೊರ ಅಂಚು ಮಾತ್ರ ಕಿರಿದಾಗಿ ಕಂಡರೆ ಇದೇ ಕಾರಣ. ಅಂಟು ಹಾಕಿದ ಪರ್ಫೆಕ್ಟ್ ಬೈಂಡಿಂಗಿಗೆ 0.8, ಪುಟ 300 ದಾಟಿದರೆ 0.9 ಕೊಡಿ. ಪಕ್ಕದಲ್ಲಿ ಪಿನ್ ಹೊಡೆದು ಮೇಲೆ ರಕ್ಷಾಪುಟ ಅಂಟಿಸುವುದಾದರೆ 1 ಇಂಚಿಗೆ ಕಡಿಮೆ ಬೇಡ, ಪಿನ್ನಿನ ಆಚೆಗೆ ಆ ಪುಸ್ತಕ ತೆರೆಯುವುದೇ ಇಲ್ಲ.

ಪರ್ಫೆಕ್ಟ್ ಬೈಂಡಿಂಗಿನಲ್ಲಿ ಬೆನ್ನಿನ ಮಡಿಕೆಯನ್ನು ಸುಮಾರು 1/8 ಇಂಚು ಉಜ್ಜಿ ತೆಗೆದು ಅಂಟು ಹಾಕುತ್ತಾರೆ. 18 × 23 ಇಂಚಿನ ಡೆಮಿ ಹಾಳೆಯನ್ನು ಮೂರು ಸಲ ಮಡಿಸಿದರೆ 5.75 × 9 ಇಂಚು ಸಿಗುತ್ತದೆ. ಬೆನ್ನಿಗೆ 1/8, ಹೊರಬದಿಗೆ 1/8, ಮೇಲೆ ಕೆಳಗೆ ಕಾಲು ಕಾಲು ಇಂಚು ಕಳೆದಾಗ 5.5 × 8.5 ಉಳಿಯುವುದು. ಪುಟ ಜೋಡಿಸುವಾಗ ಬೆನ್ನಿನ 1/8 ಬಿಡದೆ ಎರಡು ಪುಟಗಳನ್ನು ಮಡಿಕೆಗೆ ಅಂಟಿಸಿ ಕೂರಿಸಿದ್ದರೆ, ಉಜ್ಜಿದ್ದು ನಿಮ್ಮ ಒಳ ಮಾರ್ಜಿನ್ನಿನಿಂದಲೇ ಹೋಗುತ್ತದೆ. ಅಷ್ಟೇ ಜಾಗ ಹೊರಬದಿಯಲ್ಲಿ ಹೆಚ್ಚಾಗಿ ಕಾಣುತ್ತದೆ. ಅಚ್ಚಾದ ಪುಸ್ತಕದಲ್ಲಿ ಒಳಗೆ 0.68, ಹೊರಗೆ 0.72 ಎಂದು ಅಳತೆ ಬಂದರೆ ಹೀಗೇ ಆಗಿದೆ.

ಇದನ್ನು ಪ್ಲೇಟ್ ಮಾಡುವ ಮೊದಲೇ ತಿಳಿಯಬೇಕಾದರೆ ಮೊದಲ ಫಾರಂನ ಮಡಿಸಿದ ಡಮ್ಮಿ ಕೇಳಿ ತರಿಸಿಕೊಳ್ಳಿ. ಕಟಿಂಗ್ ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆಸಿ, 5ನೆಯ ಪುಟವನ್ನೂ 12ನೆಯ ಪುಟವನ್ನೂ ಸ್ಕೇಲಿಟ್ಟು ಅಳೆಯಿರಿ. ಒಂದು ಬಲಪುಟ, ಒಂದು ಎಡಪುಟ.